ಬೇಸಿಗೆಯ ಪಾರ್ಸೆಲ್‌ನಲ್ಲಿ ಬಂದ ಇನ್ಸುಲಿನ್: ದಾರಿಯಲ್ಲಿ ಏನಾಯ್ತು ಅಂತ ಹೇಳೋರು ಯಾರು?

ಕಳೆದ ಏಪ್ರಿಲ್‌ನ ಒಂದು ಮಧ್ಯಾಹ್ನ ರಾಯಚೂರಿನಿಂದ ಅವ್ವನ ಫೋನ್ ಬಂತು. ನಾನು ಆನ್‌ಲೈನ್‌ನಲ್ಲಿ ಆರ್ಡರ್ ಮಾಡಿದ್ದ ಇನ್ಸುಲಿನ್ ಬೆಂಗಳೂರಿನಿಂದ ಹೊರಟು ಮೂರನೇ ದಿನಕ್ಕೆ ಮನೆ ಮುಟ್ಟಿತ್ತು. ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಎರಡು ಜೆಲ್ ಪ್ಯಾಕ್ ಇದ್ದವು, ಎರಡೂ ಬೆಚ್ಚಗಾಗಿದ್ದವು. ಹೊರಗೆ 42 ಡಿಗ್ರಿ ಬಿಸಿಲು. "ಇದನ್ನ ಚುಚ್ಗೊಳ್ಳಬೇಕೋ ಬ್ಯಾಡೋ, ಅಷ್ಟು ಹೇಳು" ಅಂದಳು.

ನಾನು ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್. ಉಷ್ಣ ವರ್ಗಾವಣೆ ಅನ್ನೋ ವಿಷಯದಲ್ಲಿ ಪಾಸೂ ಆಗಿದ್ದೆ. ಆದರೂ ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಔಷಧ ಕಳಿಸಿದ ಕಂಪನಿಯ ಗ್ರಾಹಕ ಸೇವೆಗೆ ಫೋನ್ ಮಾಡಿದೆ. "ಎಕ್ಸ್‌ಪೈರಿಗೆ ಇನ್ನೂ ಒಂದೂವರೆ ವರ್ಷ ಇದೆ ಸರ್, ತೊಂದರೆ ಇಲ್ಲ" ಅಂದರು. ಆದರೆ ಡಬ್ಬಿಯ ಮೇಲಿನ ಆ ದಿನಾಂಕ 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ ಇಟ್ಟಿದ್ದರೆ ಮಾತ್ರ ಲೆಕ್ಕಕ್ಕೆ ಬರುತ್ತದೆ. ಮೂರು ದಿನ ಅದು ಎಲ್ಲಿತ್ತು, ಎಷ್ಟು ಬಿಸಿಯಲ್ಲಿತ್ತು ಎನ್ನುವುದು ಕಂಪನಿಗೂ ಗೊತ್ತಿರಲಿಲ್ಲ, ಕೊರಿಯರ್ ಹುಡುಗನಿಗೂ ಗೊತ್ತಿರಲಿಲ್ಲ, ನಮಗಂತೂ ಗೊತ್ತಿರಲೇ ಇಲ್ಲ.

ಇದು ನಮ್ಮೊಂದು ಮನೆಯ ಸಮಸ್ಯೆ ಅಲ್ಲ. ಐಸಿಎಂಆರ್ ನೆರವಿನ ಇಂಡಿಯಾಬ್ ಅಧ್ಯಯನ 2023ರಲ್ಲಿ ಕೊಟ್ಟ ಅಂದಾಜಿನ ಪ್ರಕಾರ ಭಾರತದಲ್ಲಿ 10.1 ಕೋಟಿ ಜನಕ್ಕೆ ಸಕ್ಕರೆ ಕಾಯಿಲೆ ಇದೆ. ಅವರೆಲ್ಲರೂ ಇನ್ಸುಲಿನ್ ತೆಗೆದುಕೊಳ್ಳುವುದಿಲ್ಲ, ನಿಜ. ಆದರೆ ತೆಗೆದುಕೊಳ್ಳುವವರಿಗೆ, ಅದರಲ್ಲೂ ಟೈಪ್-1 ಇರುವ ಮಕ್ಕಳಿಗೆ, ಅದು ಊಟದಷ್ಟೇ ಅಗತ್ಯ. ಶಕ್ತಿ ಕಳೆದುಕೊಂಡ ಇನ್ಸುಲಿನ್ ಚುಚ್ಚಿಕೊಂಡರೆ ಒಂದೆರಡು ದಿನದಲ್ಲೇ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಓಡಬೇಕಾದೀತು. ಹಾಗಂತ ಕೆಡದೇ ಇರುವ ಇನ್ಸುಲಿನ್ನನ್ನು ಹೆದರಿ ಕಸಕ್ಕೆ ಎಸೆದರೆ ತಿಂಗಳ ಖರ್ಚೇ ತಲೆಕೆಳಗಾಗುತ್ತದೆ. ಈ ಎರಡರ ನಡುವೆ ಊಹೆ ಮಾಡುವ ಕೆಲಸವನ್ನು ನಾವು ರೋಗಿಯ ತಲೆಗೆ ಕಟ್ಟಿದ್ದೇವೆ. ಊಹೆಯ ಜಾಗದಲ್ಲಿ ಒಂದಿಷ್ಟು ಲೆಕ್ಕ ಇರಲಿ ಅಂತ ಈ ಬರಹ.

ಕಣ್ಣಿಗೆ ಕಾಣದ ಹಾನಿ

ಬಿಸಿಲಿಗೆ ಹಾಳಾಗುವ ಸರಕು ಬೇಕಾದಷ್ಟಿವೆ. ಹಾಲು ಒಡೆಯುತ್ತದೆ. ಚಾಕೊಲೇಟ್ ಕರಗಿ ಮತ್ತೆ ಗಟ್ಟಿಯಾದರೆ ಮೇಲೆ ಬಿಳಿ ಪುಡಿಯಂಥ ಪದರ ಮೂಡುತ್ತದೆ. ಅಮೆರಿಕದಲ್ಲಿ ದುಬಾರಿ ಸಿಗಾರ್‌ಗಳನ್ನು ಪಾರ್ಸೆಲ್ ಮಾಡುವವರು ಬೇಸಿಗೆಯಲ್ಲಿ ಪೆಟ್ಟಿಗೆಯೊಳಗೆ ತೇವಾಂಶ ಕಾಯುವ ಪುಟ್ಟ ಪೊಟ್ಟಣ ಇಡುತ್ತಾರೆ. ಒಣಗಿದರೆ ಹೊರಗಿನ ಎಲೆ ಬಿರಿಯುತ್ತದೆ. ಬಿಸಿ ಹೆಚ್ಚಾದರೆ ಎಲೆಯಲ್ಲಿ ಅಡಗಿರುವ ತಂಬಾಕು ದುಂಬಿಯ ಮೊಟ್ಟೆ ಒಡೆದು, ಹುಳ ಸೂಜಿಮೊನೆಯಂಥ ತೂತು ಕೊರೆಯುತ್ತದೆ. ಸಿಗಾರ್ ಸೇದುವುದು ಒಳ್ಳೆಯದಲ್ಲ, ಆ ಮಾತು ಬೇರೆ. ಇಲ್ಲಿ ಹೇಳಬೇಕಾದ್ದು ಇಷ್ಟೇ: ಇವೆಲ್ಲ ಕೆಟ್ಟಾಗ ಕಣ್ಣಿಗೆ ಕಾಣುತ್ತವೆ. ತೆಗೆದುಕೊಂಡವರು ನೋಡಿ, ಬೈದು, ವಾಪಸ್ ಕಳಿಸಬಹುದು.

ಇನ್ಸುಲಿನ್ ಹಾಗಲ್ಲ. ಅದು 51 ಅಮೈನೋ ಆಮ್ಲಗಳು ಎರಡು ಸರಪಳಿಯಾಗಿ ಹೆಣೆದುಕೊಂಡ ಒಂದು ಪುಟ್ಟ ಪ್ರೋಟೀನ್. ಆ ಹೆಣಿಗೆಯ ಮಡಿಕೆಗಳು ಸರಿಯಾಗಿದ್ದರೆ ಮಾತ್ರ ದೇಹದ ಜೀವಕೋಶ ಅದನ್ನು ಗುರುತಿಸುತ್ತದೆ. ಬಿಸಿ ಏರಿದಂತೆ ಎರಡು ಬಗೆಯ ಹಾನಿ ಆಗುತ್ತದೆ. ಒಂದು, ಅಣುವಿನಲ್ಲಿ ನಿಧಾನವಾಗಿ ನಡೆಯುವ ರಾಸಾಯನಿಕ ಬದಲಾವಣೆ. ಇನ್ನೊಂದು, ಅಣುಗಳು ತಮ್ಮ ಮಡಿಕೆ ಬಿಚ್ಚಿಕೊಂಡು ಒಂದಕ್ಕೊಂದು ಅಂಟಿ ನಾರಿನಂತಾಗುವುದು. ಬಿಸಿಯ ಜೊತೆ ಕುಲುಕಾಟವೂ ಸೇರಿದರೆ ಈ ಎರಡನೇ ಹಾನಿ ಬೇಗ ಆಗುತ್ತದೆ. ಲಗೇಜ್ ಆಟೋದಲ್ಲಿ ಹಂಪ್ ಹಾರಿಸಿಕೊಂಡು ಬರುವ ಪಾರ್ಸೆಲ್‌ಗೆ ಬಿಸಿ, ಕುಲುಕಾಟ ಎರಡಕ್ಕೂ ಬರವಿಲ್ಲ.

ಹಾನಿ ಜೋರಾಗಿದ್ದರೆ ದ್ರವದಲ್ಲಿ ಚೂರುಗಳು ತೇಲುತ್ತವೆ, ಗಾಜಿನ ಒಳಗೋಡೆಗೆ ಮಂಜು ಕಟ್ಟಿದಂತೆ ಬಿಳಿ ಅಂಟಿರುತ್ತದೆ. ಆದರೆ ಶಕ್ತಿ ಸ್ವಲ್ಪ ಕಡಿಮೆಯಾದ ಇನ್ಸುಲಿನ್ ನೋಡಲು ಹೊಸದರಂತೆಯೇ ಇರಬಹುದು. ಬಾಟಲಿಗೆ ಬಾಯಿಲ್ಲ. ತಾನು ಪಟ್ಟ ಪಾಡು ಅದು ಹೇಳುವುದಿಲ್ಲ.

ಹಾಗಾದರೆ ಎಷ್ಟು ಬಿಸಿ ತಡೆಯುತ್ತದೆ?

ಇಲ್ಲಿ ಸ್ವಲ್ಪ ಸಮಾಧಾನದ ಸುದ್ದಿ ಇದೆ. ಡಬ್ಬಿಯ ಮೇಲಿನ 2ರಿಂದ 8 ಡಿಗ್ರಿ ಎಂಬ ಸೂಚನೆ, ವರ್ಷಗಟ್ಟಲೆ ಇಡುವ ದಾಸ್ತಾನಿಗೆ ಹೇಳಿದ್ದು. ಬಳಸಲು ತೆರೆದ ವಯಲ್ ಅಥವಾ ಪೆನ್ನನ್ನು ಕೋಣೆಯ ಉಷ್ಣಾಂಶದಲ್ಲಿ ಇಟ್ಟುಕೊಳ್ಳಬಹುದು ಎಂದು ತಯಾರಕರೇ ಹೇಳುತ್ತಾರೆ. ಎಷ್ಟೋ ಬ್ರ್ಯಾಂಡ್‌ಗಳಿಗೆ ಈ ಮಿತಿ 28 ದಿನ, ಕೆಲವಕ್ಕೆ ಆರು ವಾರ, ಡೆಗ್ಲುಡೆಕ್‌ನಂಥದಕ್ಕೆ ಎಂಟು ವಾರ. ಮೇಲಿನ ಉಷ್ಣಾಂಶದ ಮಿತಿ ಕೆಲವಕ್ಕೆ 25, ಕೆಲವಕ್ಕೆ 30 ಡಿಗ್ರಿ. ನಿಮ್ಮ ಇನ್ಸುಲಿನ್‌ನ ಮಿತಿ ಎಷ್ಟು ಎಂಬುದು ಡಬ್ಬಿಯೊಳಗಿನ ಮಡಚಿದ ಕಾಗದದಲ್ಲಿ ಇರುತ್ತದೆ. ಆ ಸಣ್ಣ ಅಕ್ಷರ ಓದುವ ಕಷ್ಟ ಒಂದು ಸಲ ಪಡಬೇಕು.

ಸಂಶೋಧನೆ ಇದಕ್ಕಿಂತ ಮುಂದೆ ಹೋಗಿದೆ. ಕೀನ್ಯಾದ ದಾಗಾಹಲೆ ನಿರಾಶ್ರಿತರ ಶಿಬಿರದಲ್ಲಿ ಮನೆಗಳ ಒಳಗಿನ ಉಷ್ಣಾಂಶ ದಿನವೂ 25ರಿಂದ 37 ಡಿಗ್ರಿ ನಡುವೆ ಏರಿಳಿಯುತ್ತದೆ. ಫ್ರಿಜ್ ಇಲ್ಲದ ಈ ಕುಟುಂಬಗಳು ಇನ್ಸುಲಿನ್ ಮನೆಯಲ್ಲಿ ಇಟ್ಟುಕೊಳ್ಳಬಹುದೇ ಎಂದು ತಿಳಿಯಲು 'ಗಡಿಗಳಿಲ್ಲದ ವೈದ್ಯರು' ಸಂಸ್ಥೆ ಮತ್ತು ಜಿನೀವಾ ವಿಶ್ವವಿದ್ಯಾಲಯದವರು ಅದೇ ಏರಿಳಿತವನ್ನು ಪ್ರಯೋಗಾಲಯದಲ್ಲಿ ನಾಲ್ಕು ವಾರ ನಡೆಸಿ ನೋಡಿದರು. 2021ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ತಣ್ಣಗಿಟ್ಟ ಇನ್ಸುಲಿನ್‌ಗೆ ಹೋಲಿಸಿದರೆ ಶಕ್ತಿಯಲ್ಲಾದ ನಷ್ಟ ಶೇ 1ಕ್ಕಿಂತ ಹೆಚ್ಚಿರಲಿಲ್ಲ. 2023ರ ಕಾಕ್ರೇನ್ ವಿಮರ್ಶೆ ಇನ್ನೂ ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿ, ತೆರೆಯದ ಹ್ಯೂಮನ್ ಇನ್ಸುಲಿನ್ 25 ಡಿಗ್ರಿವರೆಗೆ ಆರು ತಿಂಗಳು, 37 ಡಿಗ್ರಿವರೆಗೆ ಎರಡು ತಿಂಗಳು ಇದ್ದರೂ ಚಿಕಿತ್ಸೆಗೆ ಅಡ್ಡಿಯಾಗುವಷ್ಟು ಶಕ್ತಿ ಕಳೆದುಕೊಳ್ಳುವುದಿಲ್ಲ ಎಂದಿತು.

ಅಂದರೆ ಒಂದು ಮಧ್ಯಾಹ್ನ ಕರೆಂಟ್ ಹೋಯಿತು ಅಂತ ಫ್ರಿಜ್‌ನಲ್ಲಿದ್ದದ್ದನ್ನೆಲ್ಲ ಎಸೆಯಬೇಕಿಲ್ಲ. ಜೆಲ್ ಪ್ಯಾಕ್ ಬೆಚ್ಚಗಿದೆ ಎಂದ ಮಾತ್ರಕ್ಕೆ ಒಳಗಿನದು ವಿಷವೂ ಅಲ್ಲ.

ಆದರೆ ಈ ಸಮಾಧಾನಕ್ಕೆ ಒಂದು ಗಡಿ ಇದೆ, ಅದು 37 ಡಿಗ್ರಿಯ ಗಡಿ. ರಾಸಾಯನಿಕ ಹಾನಿಯ ವೇಗ ಉಷ್ಣಾಂಶದ ಜೊತೆ ಒಂದೇ ಸಮನೆ ಏರುವುದಿಲ್ಲ. ಪ್ರತಿ 10 ಡಿಗ್ರಿಗೆ ಅದು ಸುಮಾರು ಎರಡರಿಂದ ಮೂರು ಪಟ್ಟಾಗುತ್ತದೆ ಎಂಬುದು ಔಷಧಗಳ ವಿಷಯದಲ್ಲಿ ಬಳಸುವ ಒರಟು ಲೆಕ್ಕ. ಹಾಗಾಗಿ 35 ಡಿಗ್ರಿಯ ಕೋಣೆಯಲ್ಲಿ ಕಳೆದ ಒಂದು ದಿನ ಮತ್ತು 55 ಡಿಗ್ರಿಯ ವ್ಯಾನ್‌ನಲ್ಲಿ ಕಳೆದ ಒಂದು ದಿನ ಎರಡೂ ಒಂದೇ ಅಲ್ಲ.

55 ಡಿಗ್ರಿ ಎಲ್ಲಿಂದ ಬಂತು ಅಂತ ಕೇಳಬಹುದು. ಬಿಸಿಲಲ್ಲಿ ನಿಂತ ಕಾರಿನೊಳಗಿನ ಉಷ್ಣಾಂಶವನ್ನು ಸ್ಟ್ಯಾನ್‌ಫರ್ಡ್‌ನ ವೈದ್ಯರು ಅಳೆದು 2005ರಲ್ಲಿ ಪ್ರಕಟಿಸಿದ್ದರು. ಒಂದು ಗಂಟೆಯಲ್ಲಿ ಒಳಗಿನ ಉಷ್ಣಾಂಶ ಸರಾಸರಿ 22 ಡಿಗ್ರಿಯಷ್ಟು ಏರಿತ್ತು, ಅದರಲ್ಲೂ ಶೇ 80ರಷ್ಟು ಏರಿಕೆ ಮೊದಲ ಅರ್ಧ ಗಂಟೆಯಲ್ಲೇ ಆಗಿತ್ತು. ಅವರು ಅಳೆದದ್ದು ಹೊರಗೆ 36 ಡಿಗ್ರಿ ಮೀರದ ದಿನಗಳಲ್ಲಿ. ನಮ್ಮ ರಾಯಚೂರು, ಕಲಬುರಗಿಯ ಏಪ್ರಿಲ್ ಅದಕ್ಕಿಂತ ಬಿಸಿ. ಡೆಲಿವರಿ ಹುಡುಗ ಊಟಕ್ಕೆ ನಿಂತ ಅರ್ಧ ಗಂಟೆ ನಿಮ್ಮ ಔಷಧಿಗೆ ಏನೇನೂ ಅಲ್ಲ ಎನ್ನುವ ಹಾಗಿಲ್ಲ.

ಬಿಸಿಗಿಂತ ಹಿಮ ಕೆಟ್ಟದ್ದು

ಬೇಸಿಗೆಯಲ್ಲಿ ನಾವೆಲ್ಲ ಹೆದರುವುದು ಬಿಸಿಗೆ. ಆದರೆ ಇನ್ಸುಲಿನ್‌ಗೆ ಬಿಸಿಗಿಂತ ಬೇಗ ಪೆಟ್ಟು ಕೊಡುವುದು ಹೆಪ್ಪುಗಟ್ಟುವ ಚಳಿ. ಬಿಸಿಗೆ ಅದು ದಿನಗಳ ಲೆಕ್ಕದಲ್ಲಿ ಕೆಟ್ಟರೆ, ಒಂದು ಸಲ ಹೆಪ್ಪುಗಟ್ಟಿದರೆ ಕರಗಿದ ಮೇಲೂ ಅದನ್ನು ನಂಬುವಂತಿಲ್ಲ. ಕರಗಿದ ಮೇಲೆ ನೋಡಲು ಸರಿಯಾಗಿಯೇ ಕಾಣಬಹುದು, ಆದರೂ ಬಳಸಬಾರದು ಎಂದು ಎಲ್ಲ ತಯಾರಕರೂ ಬರೆಯುತ್ತಾರೆ.

ಪಾರ್ಸೆಲ್ ಮಾಡುವವರ ಕಾಳಜಿಯೇ ಇಲ್ಲಿ ಕೇಡಾಗುತ್ತದೆ. ಡೀಪ್ ಫ್ರೀಜರ್‌ನಿಂದ ತೆಗೆದ ಜೆಲ್ ಪ್ಯಾಕ್ ಮೈನಸ್ 15, ಮೈನಸ್ 20 ಡಿಗ್ರಿಯಲ್ಲಿರುತ್ತದೆ. ಅದನ್ನು ಹಾಗೇ ಕಾರ್ಟ್ರಿಜ್‌ಗೆ ಒತ್ತಿ ಟೇಪ್ ಸುತ್ತಿದರೆ ಪೆಟ್ಟಿಗೆ ಬೆಂಗಳೂರು ದಾಟುವ ಮೊದಲೇ ಇನ್ಸುಲಿನ್ ಹೆಪ್ಪುಗಟ್ಟಬಹುದು. ಮೂರನೇ ದಿನ ಬೆಚ್ಚಗಿನ ಪೆಟ್ಟಿಗೆ ತೆರೆದವರಿಗೆ ಮೊದಲ ದಿನದ ಹಿಮದ ಗುರುತು ಸಿಗುವುದಿಲ್ಲ.

ಈ ಅಪಾಯವನ್ನು ನಮ್ಮ ಸರ್ಕಾರಿ ಲಸಿಕೆ ವ್ಯವಸ್ಥೆ ಎಂದೋ ಅರಿತುಕೊಂಡಿದೆ. ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಹಳ್ಳಿಗೆ ಲಸಿಕೆ ಒಯ್ಯುವ ಡಬ್ಬಿಗೆ ಐಸ್ ಪ್ಯಾಕ್ ಹಾಕುವ ಮುನ್ನ ಅವನ್ನು ಹೊರಗಿಟ್ಟು ಕಾಯುತ್ತಾರೆ. ಪ್ಯಾಕ್ ಬೆವರಬೇಕು, ಕಿವಿಯ ಬಳಿ ಅಲುಗಿಸಿದರೆ ಒಳಗೆ ನೀರಿನ ಸದ್ದು ಕೇಳಬೇಕು. ಆಗ ಮಾತ್ರ ಅದು ಸೊನ್ನೆ ಡಿಗ್ರಿಗೆ ಬಂದಿದೆ ಎಂದರ್ಥ. ಯಾವ ಥರ್ಮಾಮೀಟರೂ ಬೇಡದ ಪರೀಕ್ಷೆ. ಆರೋಗ್ಯ ಸಹಾಯಕಿಯರಿಗೆ ಕಲಿಸಿದ ಈ ಪಾಠವನ್ನು ಔಷಧ ಪಾರ್ಸೆಲ್ ಮಾಡುವ ಪ್ರತಿ ಗೋದಾಮಿನಲ್ಲೂ ಕಲಿಸಬೇಕು.

ಎರಡು ಜೆಲ್ ಪ್ಯಾಕ್ ಎಷ್ಟು ಗಂಟೆ ಬಾಳುತ್ತವೆ?

ಅವ್ವನ ಪೆಟ್ಟಿಗೆಯ ಲೆಕ್ಕವನ್ನು ಆಮೇಲೆ ಕೂತು ಹಾಕಿದೆ. ನೀವೂ ಹಾಕಬಹುದು, ಪಿಯುಸಿ ಭೌತಶಾಸ್ತ್ರ ಸಾಕು.

ಪೆಟ್ಟಿಗೆ 30 ಸೆಂ.ಮೀ. ಉದ್ದ, 20 ಸೆಂ.ಮೀ. ಅಗಲ, 20 ಸೆಂ.ಮೀ. ಎತ್ತರ ಇದೆ ಅಂದುಕೊಳ್ಳಿ. ಆರೂ ಬದಿ ಸೇರಿ ಮೈ ಸುಮಾರು 0.32 ಚದರ ಮೀಟರ್. ಥರ್ಮಾಕೋಲ್ ದಪ್ಪ ಎರಡೂವರೆ ಸೆಂ.ಮೀ. ಹೊರಗೆ 40, ಒಳಗೆ 5 ಡಿಗ್ರಿ ಇದ್ದರೆ ಗೋಡೆಯ ಮೂಲಕ ಒಳಗೆ ನುಗ್ಗುವ ಶಾಖ ಹೆಚ್ಚುಕಡಿಮೆ 15 ವ್ಯಾಟ್. ಮನೆಯ ಎಲ್‌ಇಡಿ ಬಲ್ಬ್‌ಗಿಂತ ತುಸು ಹೆಚ್ಚು. ಅರ್ಧ ಕೆಜಿ ಮಂಜುಗಡ್ಡೆ ಪೂರ್ತಿ ಕರಗಲು ಬೇಕಾದ ಶಾಖ ಸುಮಾರು 167 ಕಿಲೋಜೂಲ್. ಭಾಗಿಸಿ ನೋಡಿದರೆ ಒಂದು ಅರ್ಧ ಕೆಜಿ ಪ್ಯಾಕ್ ಬಾಳುವುದು ಸುಮಾರು ಮೂರು ಗಂಟೆ.

ಎರಡು ಪ್ಯಾಕ್ ಅಂದರೆ ಆರು ಗಂಟೆ. ಪಾರ್ಸೆಲ್ ದಾರಿಯಲ್ಲಿದ್ದದ್ದು ಮೂರು ದಿನ.

ರಾತ್ರಿ ಹೊರಗಿನ ಬಿಸಿ ಇಳಿಯುತ್ತದೆ, ಮಂಜು ಕರಗಿದ ನೀರೂ ಸ್ವಲ್ಪ ಹೊತ್ತು ತಂಪು ಕಾಯುತ್ತದೆ. ಎಲ್ಲ ಸೇರಿಸಿ ಉದಾರವಾಗಿ ಹತ್ತು ಹನ್ನೆರಡು ಗಂಟೆ ಕೊಡೋಣ. ಉಳಿದ ಎರಡೂವರೆ ದಿನ ಆ ಇನ್ಸುಲಿನ್ ಹೊರಗಿನ ಗಾಳಿಯಷ್ಟೇ ಬಿಸಿಯಲ್ಲಿತ್ತು. ಇದೇ ಪೆಟ್ಟಿಗೆಯ ಗೋಡೆ ಐದು ಸೆಂ.ಮೀ. ದಪ್ಪ ಇದ್ದಿದ್ದರೆ ಕಾಲಾವಧಿ ದುಪ್ಪಟ್ಟಾಗುತ್ತಿತ್ತು. ಬದಲಿಗೆ ಹೊಳೆಯುವ ಹಾಳೆಯ ಬಬಲ್ ಕವರ್‌ನಲ್ಲಿ ಕಳಿಸಿದ್ದರೆ ಒಂದೆರಡು ಗಂಟೆಗೇ ಮುಗಿಯುತ್ತಿತ್ತು. ಡಬ್ಬಿಯ ಮೇಲೆ 'ಕೋಲ್ಡ್ ಚೈನ್' ಎಂಬ ನೀಲಿ ಸ್ಟಿಕರ್ ಅಂಟಿಸಿದ್ದರೆ ಅದರಿಂದ ಒಂದು ಜೂಲ್ ಶಾಖವೂ ನಿಲ್ಲುವುದಿಲ್ಲ.

ಹಾಗಾಗಿ ಬೇಸಿಗೆಯಲ್ಲಿ ನೋಡಬೇಕಾದ್ದು ಪೆಟ್ಟಿಗೆಯಲ್ಲಿ ಜೆಲ್ ಪ್ಯಾಕ್ ಇದೆಯೇ ಎಂದಲ್ಲ. ಎಷ್ಟು ಕೆಜಿ ಪ್ಯಾಕ್, ಎಷ್ಟು ದಪ್ಪ ಗೋಡೆ, ಎಷ್ಟು ಗಂಟೆಯ ದಾರಿ ಎಂಬ ಮೂರು ಸಂಖ್ಯೆ ಒಂದಕ್ಕೊಂದು ತಾಳೆಯಾಗುತ್ತವೆಯೇ ಎಂದು.

ತರಿಸುವಾಗ, ತೆರೆಯುವಾಗ, ಇಡುವಾಗ

ಮಾರ್ಚ್‌ನಿಂದ ಮೇವರೆಗೆ ಇನ್ಸುಲಿನ್‌ಗೆ ಸಾಧ್ಯವಾದಷ್ಟು ಹತ್ತಿರದ ಅಂಗಡಿಯೇ ಒಳ್ಳೆಯದು. ನಾಲ್ಕು ಕಾಸು ರಿಯಾಯಿತಿ ಕಡಿಮೆಯಾದರೂ ದಾರಿ ಎರಡು ದಿನದಿಂದ ಹತ್ತು ನಿಮಿಷಕ್ಕೆ ಇಳಿಯುತ್ತದೆ. ಅಂಗಡಿಯವರನ್ನು ಎರಡು ಪ್ರಶ್ನೆ ಕೇಳಿ: ಫ್ರಿಜ್‌ನಲ್ಲಿ ಥರ್ಮಾಮೀಟರ್ ಇದೆಯಾ? ರಾತ್ರಿ ಬಾಗಿಲು ಹಾಕುವಾಗ ಫ್ರಿಜ್ ಆನ್ ಇರುತ್ತಾ, ಮೇನ್ ಸ್ವಿಚ್ಚೇ ಆಫ್ ಆಗುತ್ತಾ? ಒಳ್ಳೆಯ ಅಂಗಡಿಯವರು ಬೇಜಾರು ಮಾಡಿಕೊಳ್ಳುವುದಿಲ್ಲ.

ಆನ್‌ಲೈನ್‌ನಲ್ಲೇ ತರಿಸಬೇಕಾದರೆ ವಾರದ ಮೊದಲ ದಿನಗಳಲ್ಲಿ ಆರ್ಡರ್ ಮಾಡಿ. ಶುಕ್ರವಾರ ಹೊರಟ ಪಾರ್ಸೆಲ್ ಭಾನುವಾರವಿಡೀ ತಗಡಿನ ಛಾವಣಿಯ ಗೋದಾಮಿನಲ್ಲಿ ಕೂತಿರಬಹುದು. ಅದೇ ಊರಿನ ಅಥವಾ ಪಕ್ಕದ ಜಿಲ್ಲೆಯ ದಾಸ್ತಾನಿನಿಂದ ಬರುತ್ತದಾ ನೋಡಿ. ಹಳೆಯದು ಖಾಲಿಯಾಗುವ ದಿನ ಹೊಸದಕ್ಕೆ ಕಾಯಬೇಡಿ. ಕನಿಷ್ಠ ಹತ್ತು ದಿನದ ಹೆಚ್ಚುವರಿ ಇದ್ದರೆ, ಅನುಮಾನ ಬಂದ ಪೆಟ್ಟಿಗೆಯನ್ನು ವಾಪಸ್ ಕಳಿಸುವ ಧೈರ್ಯ ಇರುತ್ತದೆ. ಇಲ್ಲದಿದ್ದರೆ ಬಂದದ್ದನ್ನೇ ಚುಚ್ಚಿಕೊಳ್ಳಬೇಕಾಗುತ್ತದೆ.

ಪೆಟ್ಟಿಗೆ ಕೈಗೆ ಬಂದ ತಕ್ಷಣ ಡೆಲಿವರಿ ಹುಡುಗನ ಎದುರೇ ತೆರೆಯಿರಿ. ಜೆಲ್ ಪ್ಯಾಕ್ ಗಟ್ಟಿ ಇದೆಯೋ, ನೀರಾಗಿದೆಯೋ, ಇನ್ಸುಲಿನ್‌ಗೆ ತಾಗಿಕೊಂಡಿದೆಯೋ ನೋಡಿ, ಒಂದು ಫೋಟೊ ತೆಗೆದಿಡಿ. ಆಮೇಲೆ ದ್ರವವನ್ನು ಬೆಳಕಿಗೆ ಹಿಡಿದು ನೋಡಿ. ರೆಗ್ಯುಲರ್, ಗ್ಲಾರ್ಜಿನ್, ಲಿಸ್ಪ್ರೋ, ಆಸ್ಪಾರ್ಟ್ ಥರದವು ನೀರಿನಂತೆ ತಿಳಿಯಾಗಿರಬೇಕು. ಎನ್‌ಪಿಎಚ್ ಮತ್ತು 30/70 ಮಿಶ್ರಣಗಳು ಅಂಗೈಗಳ ನಡುವೆ ಮೆಲ್ಲಗೆ ಹೊರಳಿಸಿದ ಮೇಲೆ ಒಂದೇ ಸಮನಾದ ಹಾಲಿನ ಬಣ್ಣಕ್ಕೆ ಬರಬೇಕು. ಉಂಡೆ, ನಾರು, ಗೋಡೆಗೆ ಅಂಟಿದ ಬಿಳಿ ಕಂಡರೆ ಬಳಸಬೇಡಿ. ಪರೀಕ್ಷಿಸುವ ನೆಪದಲ್ಲಿ ಜೋರಾಗಿ ಕುಲುಕಲೂ ಬೇಡಿ.

ನೋಡಲು ಸರಿಯಿದೆ, ಆದರೂ ದಾರಿಯ ಬಗ್ಗೆ ಅನುಮಾನ ಇದೆ ಎಂದರೆ? ಇನ್ಸುಲಿನ್ ನಿಲ್ಲಿಸಿಬಿಡುವುದು ಉತ್ತರವಲ್ಲ, ಅದು ಎಲ್ಲಕ್ಕಿಂತ ಅಪಾಯ. ಅಂಗಡಿಯಿಂದ ಒಂದು ಹೊಸ ವಯಲ್ ತಂದು ಕೈಗೆ ಸಿಗುವಂತೆ ಇಟ್ಟುಕೊಳ್ಳಿ, ನಿಮ್ಮ ವೈದ್ಯರಿಗೆ ಫೋನ್ ಮಾಡಿ, ಗ್ಲುಕೋಮೀಟರ್‌ನಲ್ಲಿ ದಿನಕ್ಕೆ ಹೆಚ್ಚು ಸಲ ನೋಡಿ. ಊಟ, ಡೋಸು, ಓಡಾಟ ಎಲ್ಲ ಮೊದಲಿನಂತೆಯೇ ಇದ್ದೂ ಸಕ್ಕರೆ ಏರುತ್ತಲೇ ಹೋದರೆ ಆ ಇನ್ಸುಲಿನ್ ಬದಲಿಸಬೇಕು. ನೀವಾಗಿಯೇ ಡೋಸ್ ಏರಿಸಬೇಡಿ. ಶಕ್ತಿ ಕುಂದಿದ ಬಾಟಲಿಗೆ ಏರಿಸಿದ ಡೋಸನ್ನು ಆಮೇಲೆ ಹೊಸ ಬಾಟಲಿಯಿಂದ ತೆಗೆದುಕೊಂಡರೆ ಸಕ್ಕರೆ ಕುಸಿದು ಪ್ರಜ್ಞೆ ತಪ್ಪಬಹುದು. ಟೈಪ್-1 ಇರುವವರಿಗೆ, ಮಕ್ಕಳಿಗೆ, ಗರ್ಭಿಣಿಯರಿಗೆ ಈ ಕಾದು ನೋಡುವ ಆಟವೇ ಬೇಡ. ಅನುಮಾನ ಬಂದರೆ ಹೊಸದನ್ನೇ ಬಳಸಿ.

ಮನೆಯ ಫ್ರಿಜ್‌ನಲ್ಲಿ ಜಾಗ ನಡುವಿನ ಅಥವಾ ಕೆಳಗಿನ ಕಪಾಟು. ಐಸ್ ಪೆಟ್ಟಿಗೆಯ ಪಕ್ಕವೂ ಅಲ್ಲ, ಹಿಂಬದಿ ಗೋಡೆಗೆ ತಾಗಿಯೂ ಅಲ್ಲ. ಬಾಗಿಲಲ್ಲಿ ಇಟ್ಟರೆ ತೆರೆದಾಗಲೆಲ್ಲ ಬಿಸಿ ಗಾಳಿ ಹೊಡೆಯುತ್ತದೆ. ಕರೆಂಟ್ ಹೋದಾಗ ಬಾಗಿಲು ತೆರೆಯದಿದ್ದರೆ ಒಳಗಿನ ತಂಪು ಕೆಲವು ಗಂಟೆ ಉಳಿಯುತ್ತದೆ. ಬಳಸಲು ತೆರೆದ ದಿನವನ್ನು ಡಬ್ಬಿಯ ಮೇಲೆ ಪೆನ್ನಲ್ಲಿ ಬರೆದಿಡಿ.

ಪ್ರಯಾಣದಲ್ಲಿ ಕಾರಿನ ಡ್ಯಾಶ್‌ಬೋರ್ಡ್, ಬೈಕಿನ ಸೀಟಿನಡಿಯ ಡಬ್ಬ, ಬಸ್ಸಿನ ಡಿಕ್ಕಿ ಮೂರೂ ಬೇಡ. ವಿಮಾನದಲ್ಲಿ ಕೈಚೀಲದಲ್ಲೇ ಇರಲಿ. ಕೆಳಗಿನ ಲಗೇಜ್ ಜಾಗದಲ್ಲಿ ಹೆಪ್ಪುಗಟ್ಟುವ ಅಪಾಯ ಇದೆ. ಬಸ್ ಕಂಡಕ್ಟರ್ ಕೈಯಲ್ಲಿ ಊರಿಗೆ ಔಷಧಿ ಕಳಿಸುವ ರೂಢಿ ನಮ್ಮಲ್ಲಿ ಇನ್ನೂ ಇದೆ. ಕಳಿಸುವುದಾದರೆ ರಾತ್ರಿ ಬಸ್ಸಿಗೆ ಕಳಿಸಿ. ಎಂಜಿನ್ ಬಳಿ ಇಡಬೇಡಿ ಅಂತ ಹೇಳಿ. ಐಸ್‌ಗೂ ಔಷಧಿಗೂ ನಡುವೆ ಟವೆಲ್ ಸುತ್ತಿ.

ಮಡಕೆಯ ಕೆಲಸ ಎಲ್ಲಿ ನಡೆಯುತ್ತದೆ?

ಫ್ರಿಜ್ ಇಲ್ಲದ ಮನೆಗಳಿಗೆ ಮಡಕೆ ಹಳೆಯ ಉಪಾಯ. ಒಂದು ದೊಡ್ಡ ಮಡಕೆ, ಅದರೊಳಗೆ ಸಣ್ಣ ಮಡಕೆ, ನಡುವೆ ಒದ್ದೆ ಮರಳು, ಮೇಲೆ ಒದ್ದೆ ಬಟ್ಟೆ. ನೀರು ಆವಿಯಾಗುವಾಗ ಮಡಕೆಯ ಶಾಖವನ್ನು ಹೊತ್ತೊಯ್ಯುತ್ತದೆ. ಒಂದು ಲೀಟರ್ ನೀರು ಆವಿಯಾದರೆ, ಅಷ್ಟೇ ತೂಕದ ಮಂಜು ಕರಗುವುದಕ್ಕಿಂತ ಏಳು ಪಟ್ಟು ಶಾಖ ಹೋಗುತ್ತದೆ. ಬೇರೆ ಬೇರೆ ದೇಶಗಳ ಇಂಥ ಸಾಧನಗಳನ್ನು ಅಳೆದು ನೋಡಿದ ಒಂದು ಅಧ್ಯಯನ 2016ರಲ್ಲಿ ಪ್ರಕಟವಾಗಿದ್ದು, ಫ್ರಿಜ್ ಇಲ್ಲದ ಕಡೆ ಇವು ಉಪಯುಕ್ತ ಎಂದೇ ಹೇಳಿದೆ.

ಆದರೆ ಇದು ಎಲ್ಲ ಊರಿಗೂ ಹೊಂದುವುದಿಲ್ಲ. ಒಣ ಹವೆಯ ಕಲಬುರಗಿಯಲ್ಲಿ 40 ಡಿಗ್ರಿ ಬಿಸಿ, ಶೇ 20 ತೇವಾಂಶ ಇದ್ದರೆ ಆವಿಯಾಗುವ ನೀರು ಸೈದ್ಧಾಂತಿಕವಾಗಿ 23 ಡಿಗ್ರಿ ಆಸುಪಾಸಿಗೆ ಇಳಿಸಬಲ್ಲದು. ನಿಜದಲ್ಲಿ ಅದಕ್ಕಿಂತ ನಾಲ್ಕೈದು ಡಿಗ್ರಿ ಹೆಚ್ಚಿದ್ದರೂ ತೆರೆದ ಇನ್ಸುಲಿನ್‌ಗೆ ಅದು ನೆರಳು. ಮಂಗಳೂರಿನಲ್ಲಿ 34 ಡಿಗ್ರಿ ಬಿಸಿ, ಶೇ 70 ತೇವಾಂಶ ಇದ್ದರೆ ಸಿದ್ಧಾಂತದ ಮಿತಿಯೇ 29 ಡಿಗ್ರಿ. ಮಡಕೆ ಅಲ್ಲಿ ಹೆಚ್ಚೇನೂ ಮಾಡಲಾರದು. ಒದ್ದೆ ಮಾಡಿ ಬಳಸುವ, ನೀರು ಹೀರುವ ಹರಳಿನ ಚೀಲಗಳೂ ಮಾರುಕಟ್ಟೆಯಲ್ಲಿವೆ. ಅವಕ್ಕೂ ಇದೇ ನಿಯಮ. ಎರಡರಲ್ಲೂ ಔಷಧಿಯನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ನೀರು ತಾಗದಂತೆ ನೋಡಿಕೊಳ್ಳಬೇಕು.

ಪೋಲಿಯೋ ಹನಿಗೆ ಇರುವ ಕಣ್ಣು

ಇಲ್ಲಿವರೆಗೆ ಹೇಳಿದ್ದೆಲ್ಲ ರೋಗಿ ಮಾಡಬೇಕಾದ್ದು. ಆದರೆ ಇಷ್ಟೆಲ್ಲ ರೋಗಿಯೇ ಯಾಕೆ ಮಾಡಬೇಕು?

ಪಲ್ಸ್ ಪೋಲಿಯೋ ಹನಿಯ ಬಾಟಲಿಯನ್ನು ಹತ್ತಿರದಿಂದ ನೋಡಿದವರಿಗೆ ಅದರ ಮೇಲಿನ ಒಂದು ವೃತ್ತ, ವೃತ್ತದೊಳಗಿನ ಒಂದು ಚೌಕ ನೆನಪಿರಬಹುದು. ಅದರ ಹೆಸರು ವ್ಯಾಕ್ಸಿನ್ ವಯಲ್ ಮಾನಿಟರ್. 1996ರಲ್ಲಿ ಬಾಯಿಗೆ ಹಾಕುವ ಪೋಲಿಯೋ ಲಸಿಕೆಯೊಂದಿಗೆ ಬಳಕೆಗೆ ಬಂತು. ಚೌಕದಲ್ಲಿರುವ ರಾಸಾಯನಿಕ ಬಿಸಿ ತಾಗಿದಷ್ಟೂ ಕಪ್ಪಾಗುತ್ತಾ ಹೋಗುತ್ತದೆ. ಸ್ವಲ್ಪ ಬಿಸಿಗೆ ನಿಧಾನವಾಗಿ, ಹೆಚ್ಚು ಬಿಸಿಗೆ ಬೇಗ. ಅಂದರೆ ಲಸಿಕೆ ಕೆಡುವ ರೀತಿಯನ್ನೇ ಅದು ಅನುಕರಿಸುತ್ತದೆ. ಚೌಕ ಸುತ್ತಲಿನ ವೃತ್ತಕ್ಕಿಂತ ತಿಳಿಯಾಗಿದ್ದರೆ ಬಳಸಬಹುದು. ವೃತ್ತದಷ್ಟೇ ಕಪ್ಪಾದರೆ ಎಸೆಯಬೇಕು. ಓದು ಬರಹ ಬೇಡ, ಇಂಟರ್‌ನೆಟ್ ಬೇಡ, ಬ್ಯಾಟರಿ ಬೇಡ.

ಅದು ಬಿಸಿಯನ್ನು ಮಾತ್ರ ಹೇಳುತ್ತದೆ, ಹೆಪ್ಪುಗಟ್ಟಿದ್ದನ್ನು ಹೇಳುವುದಿಲ್ಲ. ಅದಕ್ಕೆ ಬೇರೆ ಸೂಚಕಗಳಿವೆ. ಜೊತೆಗೆ 2015ರಿಂದ ಸರ್ಕಾರ 'ಇವಿನ್' ಎಂಬ ವ್ಯವಸ್ಥೆಯ ಮೂಲಕ ಲಸಿಕೆ ದಾಸ್ತಾನು ಕೇಂದ್ರಗಳ ಫ್ರಿಜ್‌ಗಳ ಉಷ್ಣಾಂಶವನ್ನು ದೂರದಿಂದಲೇ ಗಮನಿಸುತ್ತಿದೆ. ಅಂದರೆ ಉಚಿತವಾಗಿ ಕೊಡುವ ಲಸಿಕೆಯ ದಾರಿಗೆ ಈ ದೇಶದಲ್ಲಿ ಕಾವಲಿದೆ. ದುಡ್ಡು ಕೊಟ್ಟು ಕೊಳ್ಳುವ ಇನ್ಸುಲಿನ್‌ನ ಡಬ್ಬಿಯ ಮೇಲೆ ಅಂಥ ಚೌಕವೊಂದನ್ನು ನಾನು ಇದುವರೆಗೂ ನೋಡಿಲ್ಲ.

ಖರ್ಚಾಗುತ್ತದೆ ಅಂತ ಉದ್ಯಮ ಹೇಳಬಹುದು. ಕೆಲವು ಹನಿಗಳ ಅಗ್ಗದ ಪೋಲಿಯೋ ಬಾಟಲಿಗೆ ಅಂಟಿಸಲು ಸಾಧ್ಯವಾದದ್ದು ಇನ್ಸುಲಿನ್ ಪೆಟ್ಟಿಗೆಗೆ ಭಾರವಾಗುತ್ತದೆ ಎಂದರೆ ನಂಬುವುದು ಕಷ್ಟ. ಇಂಥ ಗುರುತು ಬಂದರೆ ಜನ ಸುಮ್ಮನೆ ವಾಪಸ್ ಮಾಡುತ್ತಾರೆ ಎಂಬ ಇನ್ನೊಂದು ಹೆದರಿಕೆ ಇದ್ದೀತು. ನಿಜವೆಂದರೆ ಅದರಿಂದ ವಾಪಸಾತಿ ಕಡಿಮೆಯೂ ಆಗಬಹುದು. ಬೆಚ್ಚಗಿನ ಜೆಲ್ ಪ್ಯಾಕ್ ಕಂಡು ಹೆದರಿ ಎಸೆಯುವವರಿಗೆ 'ಇದು ಇನ್ನೂ ಸರಿಯಿದೆ' ಎಂದೂ ಅದೇ ಚೌಕ ಹೇಳುತ್ತದಲ್ಲ.

ನಿಯಮದ ಕಡೆ ನೋಡಿದರೆ ಆನ್‌ಲೈನ್ ಔಷಧ ಮಾರಾಟಕ್ಕೆ ಕೇಂದ್ರ ಸರ್ಕಾರ ಕರಡು ನಿಯಮ ಪ್ರಕಟಿಸಿದ್ದು 2018ರ ಆಗಸ್ಟ್‌ನಲ್ಲಿ. ಅದು ಅಂತಿಮವಾಗದೆ ವರ್ಷಗಳೇ ಉರುಳಿದವು. ಈ ನಡುವೆ ಕೋವಿಡ್ ಬಂತು, ಮನೆ ಬಾಗಿಲಿಗೆ ಔಷಧಿ ತರಿಸುವುದು ಮಾಮೂಲಾಯಿತು. ಅಂಗಡಿಯ ಫ್ರಿಜ್‌ಗೆ ಪರವಾನಗಿ ಇದೆ, ತಪಾಸಣೆ ಇದೆ. ಅಂಗಡಿಯಿಂದ ಮನೆವರೆಗಿನ ಕೊನೆಯ ದಾರಿಗೆ ಅಷ್ಟು ಗಟ್ಟಿಯಾದ ಯಾವ ಕಾವಲೂ ಇಲ್ಲ.

ಕೇಳಬೇಕಾದ್ದು ದೊಡ್ಡದೇನಲ್ಲ. ತಂಪಿನಲ್ಲಿಡಬೇಕಾದ ಔಷಧಿಯ ಪ್ರತಿ ಪಾರ್ಸೆಲ್ ಮೇಲೂ ಬಿಸಿ ಮತ್ತು ಹಿಮ ಎರಡನ್ನೂ ತೋರಿಸುವ ಸೂಚಕ ಇರಬೇಕು. ಪೆಟ್ಟಿಗೆ ಇಷ್ಟು ಗಂಟೆ ತಂಪು ಕಾಯುತ್ತದೆ ಎಂದು ಹೊರಗಡೆ ಬರೆದಿರಬೇಕು, ಆ ಗಂಟೆ ಮೀರಿದರೆ ಪ್ರಶ್ನೆ ಕೇಳದೆ ವಾಪಸ್ ಪಡೆಯಬೇಕು. ಅದರ ಜೊತೆಗೆ ಕನ್ನಡದಲ್ಲಿ ನಾಲ್ಕು ಸಾಲಿನ ಸೂಚನೆ ಇರಬೇಕು. ಇನ್ಸುಲಿನ್ ತಯಾರಿಸುವ ಕಂಪನಿ ನಮ್ಮ ಬೆಂಗಳೂರಿನಲ್ಲೇ ಇದೆ, ಚಿಕಿತ್ಸೆ ಪಡೆಯುವವರು ನಮ್ಮ ಮನೆಯಲ್ಲೇ ಇದ್ದಾರೆ. ಕರ್ನಾಟಕದ ಔಷಧ ನಿಯಂತ್ರಣ ಇಲಾಖೆ ಇಲ್ಲಿ ಮೊದಲ ಹೆಜ್ಜೆ ಇಡಬಾರದೇಕೆ?

ಅವ್ವನ ವಿಷಯಕ್ಕೆ ಬಂದರೆ, ಅವಳದ್ದು ಟೈಪ್-2, 30/70 ಮಿಶ್ರಣದ ಹ್ಯೂಮನ್ ಇನ್ಸುಲಿನ್. ಅವಳ ಡಾಕ್ಟರು ಫೋನ್‌ನಲ್ಲೇ ಎಲ್ಲ ಕೇಳಿಸಿಕೊಂಡು, ದ್ರವ ನೋಡಲು ಹೇಗಿದೆ ಎಂದು ವಿಚಾರಿಸಿ, ಅಂಗಡಿಯಿಂದ ಒಂದು ಹೊಸದನ್ನು ತಂದಿಟ್ಟುಕೊಂಡು ಇದನ್ನೇ ಬಳಸಿ ನೋಡಿ, ಮೂರು ದಿನ ದಿನಕ್ಕೆ ನಾಲ್ಕು ಸಲ ಶುಗರ್ ಬರೆದು ಕಳಿಸಿ ಅಂದರು. ಹನ್ನೆರಡು ಅಂಕಿ ವಾಟ್ಸ್ಆ್ಯಪ್‌ನಲ್ಲಿ ಬಂದವು. ಯಾವುದೂ ಗಾಬರಿ ಹುಟ್ಟಿಸುವಂಥದ್ದಲ್ಲ. ಆ ಪೆಟ್ಟಿಗೆ ಮುಗಿಯುವವರೆಗೂ ಬಳಸಿದಳು.

ಒಂದು ಚೌಕ ಹೇಳಬಹುದಾಗಿದ್ದ ಮಾತನ್ನು ತಿಳಿಯಲು 63 ವರ್ಷದ ಹೆಂಗಸು ಹನ್ನೆರಡು ಸಲ ಬೆರಳು ಚುಚ್ಚಿಕೊಳ್ಳಬೇಕಾಯಿತು. ಈ ಬೇಸಿಗೆಗೆ ಮಾರ್ಚ್‌ನಲ್ಲೇ, ಬೆಳಗಿನ ಜಾವ ಊರು ಮುಟ್ಟುವ ರಾತ್ರಿ ರೈಲಿನಲ್ಲಿ, ಟವೆಲ್ ಸುತ್ತಿದ ಡಬ್ಬಿಯಲ್ಲಿ ನಾನೇ ಒಯ್ದು ಕೊಟ್ಟು ಬಂದೆ. ಹಾಗೆ ಒಯ್ಯಲು ಎಲ್ಲರ ಮನೆಯಲ್ಲೂ ಒಬ್ಬರು ಇರುವುದಿಲ್ಲ.